ಗಿರಣಿ ಕಡೆಗೆ ಬಾಗಿದ ಜೊಂಡು

ನಮ್ಮ ಯಜಮಾನರ ರೈಲಿಗೆ ಹನ್ನೊಂದು ವರ್ಷವಾದರೂ ಹೊಳೆ ಇರಲಿಲ್ಲ. ಮಿಕ್ಕಿದ್ದೆಲ್ಲ ಇತ್ತು. ಅವರು ಮೂವತ್ತು ವರ್ಷ ರೈಲ್ವೆ ಗೇಟು ಕಾದವರು. ನಿವೃತ್ತಿಯಾದ ಮರುವಾರವೇ ಹಿಂದಿನ ಕೋಣೆಯಲ್ಲಿದ್ದ ನನ್ನ ಕಾಳಿನ ಡಬ್ಬಗಳನ್ನೆಲ್ಲ ಅಡುಗೆಮನೆಗೆ ಸಾಗಿಸಿ, ಸೊಂಟದೆತ್ತರಕ್ಕೆ ಹಲಗೆ ಹೊಡೆದು, ಅದರ ಮೇಲೆ ಇಡೀ ಊರನ್ನು ಕೂರಿಸಲು ಶುರುಮಾಡಿದರು. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ಇವರಿಗೆ ಎರಡು ವರ್ಷ ಮೊದಲೇ ಬಂತು ಎಂದು ನಾನು ಎದುರಿಗೇ ಹೇಳಿದ್ದೆ. ಅವರು ನಗುತ್ತಲೇ ಇನ್ನೊಂದು ಮೊಳೆ ಹೊಡೆದರು. ಸ್ಟೇಷನ್ನು ಬಂತು, ಅದರ ಮುಂದೆ ಬೇವಿನ ಮರ ಬಂತು, ಮರದ ಕೆಳಗೆ ಒಂದು ಕಿವಿ ಹರಿದ ನಾಯಿಯೂ ಬಂತು. ಹಲಗೆಯ ಒಂದು ತುದಿಗೆ ಸುಣ್ಣದ ಗೂಡು, ಇನ್ನೊಂದು ತುದಿಗೆ ಹತ್ತಿ ಗಿರಣಿ. ನಡುವೆ ಮೂರು ಕಂಬದ ಸೇತುವೆ, ಅದರ ಮೇಲೆ ಬೆರಳುದ್ದದ ಡಬ್ಬಿಗಳ ಗಾಡಿ ಓಡುತ್ತಿತ್ತು. ಸೇತುವೆಯ ಕೆಳಗೆ ಮಾತ್ರ ಬೋಳು ಹಲಗೆ. ಯಾರಾದರೂ ಕೇಳಿದರೆ, ಹೊಳೆಗೆ ಅವಸರ ಇಲ್ಲ ಬಿಡಿ ಅನ್ನುತ್ತಿದ್ದರು.

ನಮ್ಮ ಹೊಳೆಯ ವಿಷಯ ಹೊರಗಿನವರಿಗೆ ಹೇಳುವುದು ಕಷ್ಟ, ಆದರೂ ಹೇಳಿಬಿಡುತ್ತೇನೆ. ನಮ್ಮೂರಿನಲ್ಲಿ ಕೆಲವರ ಕಣ್ಣಿಗೆ ಹೊಳೆ ಸುಣ್ಣದ ಗೂಡಿನ ಕಡೆಗೆ ಹರಿಯುತ್ತದೆ, ಇನ್ನು ಕೆಲವರ ಕಣ್ಣಿಗೆ ಹತ್ತಿ ಗಿರಣಿಯ ಕಡೆಗೆ. ಅದೇ ನೀರು, ಅದೇ ದಡ, ಅದೇ ಹೊತ್ತು. ಬಟ್ಟೆ ಒಗೆಯುವಾಗ ಯಾರದಾದರೂ ಸೀರೆ ಕೈಜಾರಿದರೆ ಅರ್ಧ ಹೆಂಗಸರು ಗೂಡಿನ ಕಡೆಗೆ ಓಡುತ್ತಾರೆ, ಅರ್ಧ ಹೆಂಗಸರು ಗಿರಣಿ ಕಡೆಗೆ. ಯಾರೋ ಒಬ್ಬರು ಹಿಡಿದು ತರುತ್ತಾರೆ, ಎಲ್ಲಿ ಸಿಕ್ಕಿತು ಎಂದು ಯಾರೂ ಕೇಳುವುದಿಲ್ಲ. ಹೊಳೆಯ ವಿಷಯಕ್ಕೆ ಮೇಲೆ, ಕೆಳಗೆ ಎಂಬ ಮಾತೇ ನಮ್ಮಲ್ಲಿಲ್ಲ. ನಿಮ್ಮ ಹೊಳೆ ಯಾವ ಕಡೆ ಹೋಗುತ್ತದೆ ಎಂದು ಕೇಳುವುದು, ಮೈಮೇಲೆ ಎಲ್ಲಿ ಮಚ್ಚೆ ಇದೆ ಎಂದು ಕೇಳಿದ ಹಾಗೆ. ಮಕ್ಕಳು ಹೇಳಲು ಬಾಯಿ ತೆರೆದರೆ ತಾಯಂದಿರು ಬಾಯಿಗೆ ಬೆಲ್ಲ ತುರುಕುತ್ತಾರೆ.

ಒಂದೇ ಒಂದು ಸಲ ಅದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ, ಮದುವೆ ಗೊತ್ತಾದಾಗ. ಹೊಳೆಯ ಮೆಟ್ಟಿಲ ಮೇಲೆ ಗಂಡು ಹೆಣ್ಣು ಇಬ್ಬರನ್ನೂ ನಿಲ್ಲಿಸಿ, ಮುತ್ತುಗದ ಎಲೆಯ ಮೇಲೆ ಅರಿಶಿನದ ಉಂಡೆ ಇಟ್ಟು ನೀರಿಗೆ ಬಿಡಿಸುತ್ತಾರೆ. ಮೊದಲು ಗಂಡು ಹೇಳಬೇಕು, ಎಲೆ ಯಾವ ಕಡೆ ಹೋಯಿತು ಅಂತ. ಆಮೇಲೆ ಹೆಣ್ಣು. ಒಂದೇ ಕಡೆ ಹೇಳಿದರೆ ಮದುವೆ. ಇಲ್ಲವಾದರೆ ಎಲೆ ಕೂಡಲಿಲ್ಲ ಎಂದು ಎರಡೂ ಕಡೆಯವರು ಮಂಡಕ್ಕಿ ತಿಂದು ಮನೆಗೆ ಹೋಗುತ್ತಾರೆ, ಯಾರಿಗೂ ಬೇಜಾರಿಲ್ಲ. ಇಷ್ಟೆಲ್ಲ ಯಾಕೆ ಎಂದರೆ ಬೂದಿಗಾಗಿ. ನಮ್ಮಲ್ಲಿ ಗಂಡ ಹೋದರೆ ಹೆಂಡತಿ, ಹೆಂಡತಿ ಹೋದರೆ ಗಂಡ ಬೂದಿ ಬಿಡಬೇಕು. ಬಿಟ್ಟವರ ಕಣ್ಣಿಗೆ ಅದು ಯಾವ ಕಡೆ ಹೋಯಿತೋ ಸತ್ತವರು ಆ ಕಡೆ ಹೋದರು ಅಂತಲೇ. ಕಣ್ಣುಗಳು ಎದುರು ಬದುರಾದರೆ, ಹೋದ ಜೀವ ತನಗೆ ಗೊತ್ತಿಲ್ಲದ ಹೊಳೆಯಲ್ಲಿ ದಿಕ್ಕು ತಪ್ಪಿ ಅಲೆಯಬೇಕಾಗುತ್ತದೆ.

ನನಗೆ ಹತ್ತೊಂಬತ್ತಾಗಿದ್ದಾಗ ನಾನು ಆ ಮೆಟ್ಟಿಲ ಮೇಲೆ ನಿಂತು ಸುಳ್ಳು ಹೇಳಿದೆ. ಯಲ್ಲೋಜಿರಾಯರು ಅಂದರೆ ನಮ್ಮವರು. ಊರವರ ಮುಂದೆ ಹೆಸರು ಹಿಡಿಯುವುದಿಲ್ಲ, ಕಥೆಯಲ್ಲಿ ಒಂದು ಸಲ ಹೇಳಿದರೆ ತಪ್ಪಿಲ್ಲ. ಅವರು ಗೇಟು ಹಾಕಿದಾಗ ಎಲ್ಲರೂ ಬೈಯುತ್ತಿದ್ದರು, ಅವರು ಮಾತ್ರ ನಗುತ್ತ, ಎರಡೇ ನಿಮಿಷ, ರೈಲು ನಿಮ್ಮನ್ನೇ ಕೇಳಿಕೊಂಡು ಬರ್ತೈತೆ ಅನ್ನುತ್ತಿದ್ದರು. ಆ ಮಾತು ಕೇಳುವುದಕ್ಕೆಂದೇ ನಾನು ಗೇಟು ಬೀಳುವ ಹೊತ್ತು ನೋಡಿ ಮನೆಯಿಂದ ಹೊರಡುತ್ತಿದ್ದೆ. ಎಲೆ ಬಿಟ್ಟಾಗ ಅವರು ಗೂಡಿನ ಕಡೆ ಅಂದರು. ನನ್ನ ಕಣ್ಣೆದುರಿಗೆ ಅದು ಸರಸರ ಗಿರಣಿ ಕಡೆಗೆ ಹೋಗುತ್ತಿತ್ತು. ನಾನೂ ಗೂಡಿನ ಕಡೆ ಅಂದೆ. ಅಷ್ಟೇ. ಆಮೇಲೆ ನಲವತ್ತೊಂದು ವರ್ಷ ಅದನ್ನು ಬಿಸಿ ತುಪ್ಪದ ಹಾಗೆ ಬಾಯಲ್ಲಿಟ್ಟುಕೊಂಡೆ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅವರ ಜೊತೆ ದಡದಲ್ಲಿ ಕೂತಾಗಲೆಲ್ಲ ತೇಲುವ ಹೂವನ್ನೋ ಕಡ್ಡಿಯನ್ನೋ ನೋಡದೆ ಆಚೆ ದಡದ ಎಮ್ಮೆ ನೋಡುತ್ತಿದ್ದೆ. ಎಮ್ಮೆ ಯಾರ ಕಣ್ಣಿಗೂ ನಿಂತಲ್ಲೇ ನಿಂತಿರುತ್ತದೆ.

ಹೋದ ವರ್ಷ ಅವರ ಕಣ್ಣು ಮಬ್ಬಾಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಔಷಧಿಯಿಂದ ಅದು ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಸುತ್ತಲಿನದು ಕಪ್ಪಾಗಿ ನಡುವೆ ಸೂಜಿಯ ತೂತಿನಷ್ಟು ಬೆಳಕು ಉಳಿದಿತ್ತು, ಶ್ರಾವಣ ಬರುವ ಹೊತ್ತಿಗೆ ಅದೂ ಹೋಯಿತು. ಹಲಗೆಯ ಮೇಲಿನ ಗಾಡಿಯನ್ನು ಮಾತ್ರ ಸದ್ದು ಕೇಳಿಯೇ ನಡೆಸುತ್ತಿದ್ದರು. ಒಂದು ಬೆಳಗ್ಗೆ ತಿಂಡಿ ತಿನ್ನುತ್ತ, ತುಳಸಾ, ಹೊಳೆ ನೀನು ಮಾಡಬೇಕು ಅಂದರು. ನನ್ನ ಕೈಯಲ್ಲಿ ಹಿಟ್ಟಿನ ಸೌಟು ಹಾಗೇ ನಿಂತಿತು. ನನಗೇನು ಬರುತ್ತದೆ, ನಾನು ಚಪಾತಿಯನ್ನೇ ದುಂಡಗೆ ಲಟ್ಟಿಸುವವಳಲ್ಲ ಎಂದು ಹೇಳಿ ನೋಡಿದೆ.

"ನಾನು ಹೇಳ್ಕೊಡ್ತೀನಿ. ನಿನಗೆ ಹೆಂಗೆ ಕಾಣ್ತೈತೋ ಹಂಗೇ ಮಾಡು. ನಾನು ಬೆರಳಲ್ಲಿ ನೋಡ್ಕೋತೀನಿ."

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹನ್ನೊಂದು ವರ್ಷ ಮಾಡಿದ ಊರು ಹೊಳೆಯಿಲ್ಲದೆ ನಿಂತಿತ್ತು, ಮಾಡಬೇಕಾದವರಿಗೆ ಕಣ್ಣಿರಲಿಲ್ಲ. ಮಾಡಿದರೆ, ಅವರ ಬೆರಳು ನನ್ನ ಸುಳ್ಳಿನ ಮೇಲೆ ಓಡಾಡುತ್ತದೆ. ನನಗೆ ಊರವರ ಹೆದರಿಕೆ ಇರಲಿಲ್ಲ. ಈ ವಯಸ್ಸಿನಲ್ಲಿ ಯಾರು ಯಾರನ್ನು ತವರಿಗೆ ಕಳಿಸುತ್ತಾರೆ? ತವರೂ ಇಲ್ಲ. ಆದರೆ ಅವರ ಬೂದಿ ನಾನೇ ಬಿಡಬೇಕಲ್ಲ. ನನ್ನ ಹೊಳೆ ಗಿರಣಿಗೆ ಹೋಗುತ್ತದೆ ಎಂದು ಗೊತ್ತಾದರೆ, ಸತ್ತ ಮೇಲೆ ನನ್ನಿಂದಾಗಿ ದಾರಿ ತಪ್ಪುತ್ತೇನೆ ಎಂಬ ದಿಗಿಲಿನಲ್ಲೇ ಅವರು ಇರುವಷ್ಟು ದಿನ ಇರಬೇಕಾಗುತ್ತದೆ. ಕತ್ತಲೆಯಲ್ಲಿ ಕೂತ ಮನುಷ್ಯನಿಗೆ ಇನ್ನೊಂದು ಕತ್ತಲೆ ಯಾಕೆ ಎಂದು ಯೋಚಿಸಿ, ಹೊಳೆಯನ್ನು ಗೂಡಿನ ಕಡೆಗೇ ಹರಿಸುವುದು ಎಂದು ತೀರ್ಮಾನಿಸಿದೆ.

ಮೊದಲ ವಾರ ದಿಕ್ಕಿನ ಪ್ರಶ್ನೆಯೇ ಬರಲಿಲ್ಲ. ಸ್ಟೂಲಿನ ಮೇಲೆ ಕೂತು ಅವರು ಹೇಳುವುದು, ನಾನು ಮಾಡುವುದು. ಹಲಗೆಯ ಮೇಲೆ ಥರ್ಮೋಕೋಲ್ ಅಂಟಿಸಿ, ಚಾಕುವಿನಿಂದ ಒರಟಾಗಿ ಕೆತ್ತಿ, ಮೇಲೆ ಪ್ಲಾಸ್ಟರ್ ಬಳಿದು ದಡ ಎಬ್ಬಿಸಿದೆ. ದಡ ಎಲ್ಲೂ ನೇರ ಇರಬಾರದು, ದೇವರು ಸ್ಕೇಲು ಇಟ್ಟು ಗೆರೆ ಎಳೆಯುವುದಿಲ್ಲ ಎಂದು ಎರಡು ಸಲ ಒಡೆಸಿದರು. ತಳಕ್ಕೆ ನಡುವೆ ಕಪ್ಪು ಬೆರೆತ ಹಸಿರು, ಅಂಚಿಗೆ ಬರುತ್ತ ಮಣ್ಣಿನ ಬಣ್ಣ. ನೀಲಿ ಡಬ್ಬಿಗೆ ಕೈ ಹಾಕಿದರೆ ಬೈದರು. ಹೊಳೆ ನೀಲಿ ಇರುವುದು ಕ್ಯಾಲೆಂಡರಿನಲ್ಲಿ ಮಾತ್ರವಂತೆ. ನಿಜವಾದ ಹೊಳೆಯಿಂದ ಮರಳು ತಂದು, ನನ್ನ ರವೆ ಜರಡಿಯಲ್ಲಿ, ಅಯ್ಯೋ ಆ ಜರಡಿ ಆಮೇಲೆ ಯಾವ ಕೆಲಸಕ್ಕೂ ಬರಲಿಲ್ಲ, ಮೂರು ಸಲ ಜರಡಿ ಹಿಡಿದು, ಗೋಂದು ಬಳಿದ ಅಂಚಿಗೆ ಉದುರಿಸಿದೆ. ಬಟ್ಟೆ ಒಗೆಯುವ ಕಲ್ಲಿಗೆ ಹುಣಸೆಬೀಜ ಒಡೆದು ಇಟ್ಟೆ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಗತೊಡಗಿತ್ತು. ಗೊಂಬೆಯಾಟ ಎಂದು ಹನ್ನೊಂದು ವರ್ಷ ಹೀಯಾಳಿಸಿದವಳು, ಒಲೆಯ ಮೇಲೆ ಹಾಲಿಟ್ಟದ್ದು ಮರೆತು ಅದರ ಮುಂದೆ ಬಗ್ಗಿ ನಿಂತಿರುತ್ತಿದ್ದೆ.

ಆಮೇಲೆ ನೀರು. ವಾರ್ನಿಷನ್ನು ದಿನಕ್ಕೊಂದು ಪದರ, ದೋಸೆಗಿಂತ ತೆಳ್ಳಗೆ ಸುರಿಯಬೇಕು. ಅವಸರಪಟ್ಟು ಒಂದೇ ಸಲ ಸುರಿದರೆ ಒಳಗೆ ಗುಳ್ಳೆ ಬಂದು ಹೊಳೆಗೆ ಸಿಡುಬು ಎದ್ದ ಹಾಗೆ ಕಾಣುತ್ತದೆ. ಒಂಬತ್ತು ದಿನ ಸುರಿದೆ. ಹತ್ತನೆಯ ದಿನ, ಇನ್ನು ಹರಿವು ಅಂದರು. ನೀರು ನಿಂತಿದೆಯೋ ಹೋಗುತ್ತಿದೆಯೋ ಎಂಬುದು ಗೊತ್ತಾಗುವುದು ಕಂಬದ ಹತ್ತಿರ. ನೀರು ಬಂದು ಬಡಿಯುವ ಮುಖದಲ್ಲಿ ಕಸ ಕಡ್ಡಿ ಸಿಕ್ಕಿಕೊಳ್ಳುತ್ತದೆ, ಹಿಂದಿನ ಮುಖದಲ್ಲಿ ಅಲೆ ಎರಡು ಜಡೆಯಾಗಿ ಬಿಚ್ಚಿಕೊಂಡು ಹೋಗುತ್ತದೆ. ದಪ್ಪ ಗೋಂದಿನಲ್ಲಿ ಬೆಂಕಿಕಡ್ಡಿ ಅದ್ದಿ ಆ ಅಲೆಗಳನ್ನು ಒಂದೊಂದಾಗಿ ಎಬ್ಬಿಸಬೇಕು. ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು. ಗೂಡಿನ ಕಡೆಗೆ ಹರಿಯುವ ಹೊಳೆಯನ್ನು ನಾನು ಜನ್ಮದಲ್ಲಿ ನೋಡಿಲ್ಲ. ಕನ್ನಡಿಯಲ್ಲಿ ತಿರುಗಿಸಿದ ಹಾಗೆ ತಿರುಗಿಸಿದರಾಯಿತು ಅಂದುಕೊಂಡಿದ್ದೆ. ಆಗಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ತಲೆ ಗಿರ್ರೆಂದು ತಿರುಗಿ ಯಾವುದು ಮುಂದು, ಯಾವುದು ಹಿಂದು ಒಂದೂ ತಿಳಿಯುತ್ತಿರಲಿಲ್ಲ.

ತರಕಾರಿ ತರುತ್ತೇನೆ ಎಂದು ಹೇಳಿ ಹೊಳೆಗೆ ಹೋದೆ. ಹರಿಗೋಲು ಹಾಕುವ ದುರುಗಪ್ಪನ ಹೊಳೆ ಗೂಡಿನದು. ಮದುವೆಯಾದವರದ್ದು ಊರಿಗೆಲ್ಲ ಗೊತ್ತಿರುತ್ತದೆ. ಹರಿಗೋಲಿನಲ್ಲಿ ನಾನೊಬ್ಬಳೇ ಇದ್ದೆ. ಸೇತುವೆಯ ಹತ್ತಿರ ಬಂದಾಗ ಧೈರ್ಯ ಮಾಡಿ, ನಡುಗಂಬದ ಹತ್ತಿರ ನೀರು ಹೇಗೆ ಸುತ್ತುತ್ತದೆ, ಸ್ವಲ್ಪ ಬಿಡಿಸಿ ಹೇಳು ಅಂದೆ. ಅವನು ಹುಟ್ಟು ಹಾಕುವುದನ್ನೇ ನಿಲ್ಲಿಸಿದ. ಅವನ ಕಿವಿ ಕೆಂಪಗಾಯಿತು.

"ಯಾಕ್ರಮ್ಮ, ನಿಮಗೆ ಕಾಣಲ್ವಾ? ನಿಮ್ದೂ ಗೂಡೇ ಅಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸುಮ್ಮನೆ ಸೆರಗು ಸರಿಮಾಡಿಕೊಂಡೆ. ನನಗೂ ಕಣ್ಣು ಮಂಜಾಗಿದೆಯಪ್ಪ, ಅವರಿಗಾಗಿ ಕೇಳುತ್ತಿದ್ದೇನೆ ಅಂದೆ. ಪಾಪ, ನಂಬಿದ. ಕಂಬ ದಾಟಿದ ಮೇಲೆ ಗೂಡಿನ ಕಡೆಗೆ ನೀರು ಎಣ್ಣೆ ಸುರಿದ ಹಾಗೆ ನುಣ್ಣಗಿರುತ್ತದೆ, ಎರಡು ಮಾರು ಆಚೆ ಅಲೆಗಳು ಕೂಡಿಕೊಳ್ಳುತ್ತವೆ, ಅಲ್ಲೊಂದು ಸಣ್ಣ ಸುಳಿ ಎಂದು ಬೊಟ್ಟು ಮಾಡಿ ತೋರಿಸಿದ. ಅವನು ನುಣ್ಣಗಿದೆ ಎಂದ ಜಾಗದಲ್ಲಿ ನನ್ನ ಕಣ್ಣಿಗೆ ನೀರು ಕಂಬಕ್ಕೆ ಬಡಿದು ನೊರೆ ಏಳುತ್ತಿತ್ತು, ಒಂದು ಹರಿದ ಚಪ್ಪಲಿ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಚಪ್ಪಲಿ ಕಾಣುತ್ತದಾ ಎಂದು ಕೇಳಲು ಹೋಗಿ ತುಟಿ ಕಚ್ಚಿಕೊಂಡೆ. ಅವನು ಹೇಳಿದ್ದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತ ಮನೆಗೆ ಬಂದೆ. ತರಕಾರಿ ಮರೆತಿದ್ದೆ. ಸಂಡಿಗೆ ಕರಿದು ಸಾರಿಗೆ ಸರಿಮಾಡಿದೆ.

ನಾಲ್ಕು ದಿನ ಹಿಡಿಯಿತು. ಒಂದೊಂದು ಅಲೆಗೂ ದುರುಗಪ್ಪನ ಮಾತು ನೆನೆದು, ಬೆಂಕಿಕಡ್ಡಿ ಯಾವ ಕಡೆ ಎಳೆಯಬೇಕೆಂದು ಬಾಯಲ್ಲಿ ಹೇಳಿಕೊಂಡು ಎಳೆದೆ. ಗೂಡಿಗೆ, ಗೂಡಿಗೆ, ಗೂಡಿಗೆ. ಕಂಬದ ಗಿರಣಿ ಕಡೆಯ ಮುಖಕ್ಕೆ ತೆಂಗಿನ ನಾರಿನ ಕಸ ಅಂಟಿಸಿದೆ. ಸುಳಿಯನ್ನೂ ಬಿಡಲಿಲ್ಲ. ಕೊನೆಗೆ ಉಳಿದದ್ದು ದಡದ ಜೊಂಡು. ಹಳೇ ಬ್ರಷ್ಷಿನ ಕೂದಲು ಕತ್ತರಿಸಿ, ಹಸಿರು ಬಳಿದು, ಕಂತೆ ಕಂತೆಯಾಗಿ ನೆಡುವುದು. ಅದು ಸುಲಭದ ಕೆಲಸ. ಮನಸ್ಸಿಗೂ ಹಗುರಾಗಿತ್ತು, ಬೀಸುವ ಪದ ಗುನುಗಿಕೊಂಡು ಒಂದು ಮಧ್ಯಾಹ್ನದಲ್ಲಿ ನೆಟ್ಟು ಮುಗಿಸಿದೆ.

ಮಾರನೆಯ ದಿನ ಬೆಳಗ್ಗೆ ಸ್ನಾನ ಮಾಡಿ ಬಂದು ಅವರು ಹಲಗೆಯ ಮುಂದೆ ನಿಂತರು. ನಾನು ಅವರ ಕೈಹಿಡಿದು ಬೆರಳನ್ನು ಗಿರಣಿಯ ಹತ್ತಿರ ಇಟ್ಟೆ. ಅವರ ಹೊಳೆ ಅಲ್ಲಿಂದ ಬರಬೇಕಲ್ಲ. ಬೆರಳು ನಿಧಾನಕ್ಕೆ ಹೊರಟಿತು. ಮರಳು ದಾಟಿತು, ಒಗೆಯುವ ಕಲ್ಲನ್ನು ಒಮ್ಮೆ ತಟ್ಟಿತು, ಕಂಬದ ಕಸದಲ್ಲಿ ನಿಂತಿತು, ಎರಡು ಜಡೆಯ ಅಲೆಯ ನಡುವೆ ನುಣ್ಣಗಿನ ಜಾಗದಲ್ಲಿ ಜಾರಿತು. ಸುಳಿ ಸಿಕ್ಕಾಗ ಹುಬ್ಬು ಮೇಲೇರಿತು. ಆಮೇಲೆ ಅವರು ಅಂಗೈ ಬಿಡಿಸಿ ದಡದ ಜೊಂಡಿನ ಮೇಲೆ ಸವರಿದರು. ಒಂದು ಸಲ ಈ ಕಡೆಯಿಂದ, ಇನ್ನೊಂದು ಸಲ ಆ ಕಡೆಯಿಂದ. ಬೆಕ್ಕಿನ ಮೈಯನ್ನು ಎದುರು ಸವರಿದರೆ ಹೇಗೆ ಗೊತ್ತಾಗುತ್ತದೋ ಹಾಗೆ ಅವರಿಗೆ ಗೊತ್ತಾಯಿತು.

"ತುಳಸಾ, ನೀರು ಗೂಡಿಗೆ ಹೋಗ್ತೈತೆ. ಜೊಂಡು ಗಿರಣಿಗೆ ಬಾಗೈತೆ."

ನಾನು ಬಗ್ಗಿ ನೋಡಿದೆ. ಹೌದು. ಅಷ್ಟೂ ಜೊಂಡು, ಎರಡೂ ದಡದ್ದು, ಒಂದೂ ತಪ್ಪದೆ ಗಿರಣಿ ಕಡೆಗೆ ಬಾಗಿ ನಿಂತಿತ್ತು. ಬಾಯಿಗೆ ಕಲಿಸಿದ್ದೆ, ಕೈಗೆ ಕಲಿಸುವುದು ಮರೆತಿದ್ದೆ. ಗಾಳಿಗೆ ಬಾಗಿರಬೇಕು ಎಂದು ಏನೋ ತೊದಲಿದೆ. ಅವರು ಸ್ಟೂಲು ಹುಡುಕಿಕೊಂಡು ಕೂತರು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ, ಹೆಗಲು ಮಾತ್ರ ಕುಲುಕುತ್ತಿತ್ತು. ನಗುತ್ತಲೇ ಇದ್ದರು.

"ಎಲೆ ಬಿಟ್ಟಾಗ ಎಲ್ಲರೂ ಎಲೆ ನೋಡ್ತಿದ್ರು. ನಾನು ನಿನ್ನ ಮುಖ ನೋಡ್ತಿದ್ದೆ. ನಿನ್ನ ಬಾಯಿ ಗೂಡು ಅಂತು, ಕಣ್ಣು ಗಿರಣಿ ಕಡೆಗೆ ಹೋಯ್ತು."

ಹಾಗಾದರೆ ಆವತ್ತೇ ಯಾಕೆ ಹೇಳಲಿಲ್ಲ ಅಂದೆ. ಹೇಳಿದ್ದರೆ ಮಂಡಕ್ಕಿ ತಿಂದು ಹೋಗುತ್ತಿದ್ದೆಯಲ್ಲ ಅಂದರು.

ನನಗೆ ನಾಚಿಕೆಯಾಗಬೇಕಿತ್ತು, ಆದರೆ ಬಂದದ್ದು ಸಿಟ್ಟು. ನಲವತ್ತೊಂದು ವರ್ಷ ನಾನು ಆಚೆ ದಡದ ಎಮ್ಮೆ ನೋಡಿದ್ದೇನೆ. ಹೊಳೆಯ ದಂಡೆಯಲ್ಲಿ ಹುಟ್ಟಿ, ಒಂದು ಹೂವು ತೇಲಿಹೋಗುವುದನ್ನು ಗಂಡನ ಪಕ್ಕ ಕೂತು ನೆಮ್ಮದಿಯಾಗಿ ನೋಡಿಲ್ಲ. ಎಲ್ಲ ಗೊತ್ತಿದ್ದೂ ಈ ಮನುಷ್ಯ ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತ ಕೂತಿದ್ದರಲ್ಲ! ಬಾಯಿಗೆ ಬಂದದ್ದೆಲ್ಲ ಬೈದೆ. ಅತ್ತುಬಿಟ್ಟೆ. ಅಡುಗೆಮನೆಯಿಂದ ಹಿಡಿದು ಬಂದಿದ್ದ ಸೌಟು ಎಲ್ಲಿ ಎಸೆದೆನೋ ಗೊತ್ತಿಲ್ಲ, ಸಾಯಂಕಾಲ ಅದು ಬೇವಿನ ಮರದ ನಾಯಿಯ ಮೇಲೆ ಸಿಕ್ಕಿತು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಎಮ್ಮೆಯ ವಿಷಯ ನನಗೆ ಗೊತ್ತಿರಲಿಲ್ಲ, ನಿನಗೆ ಎಮ್ಮೆ ಎಂದರೆ ಇಷ್ಟ ಅಂದುಕೊಂಡಿದ್ದೆ ಅಂದರು. ಆಮೇಲೆ ಮೆಲ್ಲಗೆ, ಹನ್ನೊಂದು ವರ್ಷ ಹೊಳೆ ಮುಟ್ಟದೆ ಬಿಟ್ಟಿದ್ದು ನೀನು ಮಾಡಲಿ ಅಂತಲೇ, ನನ್ನ ಹೊಳೆ ನನಗೆ ಗೊತ್ತು, ಅದನ್ನು ಬೆರಳಲ್ಲಿ ನೋಡಿ ನಾನೇನು ಮಾಡಲಿ ಅಂದರು.

ಅವತ್ತು ಮಧ್ಯಾಹ್ನವೇ ಉಳಿ ತೆಗೆದುಕೊಂಡು ಗೂಡಿಗೆ ಹೋಗುವ ಅಲೆಗಳನ್ನೆಲ್ಲ ಕೆರೆದು ಹಾಕಿದೆ. ದುರುಗಪ್ಪನ ಸುಳಿ ಹೋಯಿತು, ಕಸ ಹೋಯಿತು. ಮತ್ತೆ ಒಂದು ಪದರ ಸುರಿದು, ಒಣಗಲು ಬಿಟ್ಟು, ಬೆಂಕಿಕಡ್ಡಿ ಹಿಡಿದೆ. ಈ ಸಲ ಯಾರನ್ನೂ ಕೇಳಲಿಲ್ಲ, ಏನನ್ನೂ ಬಾಯಿಪಾಠ ಮಾಡಲಿಲ್ಲ. ಕಂಬಕ್ಕೆ ಬಡಿಯುವ ನೊರೆ, ಗಿರಣಿ ಕಡೆಗೆ ಬಿಚ್ಚಿಕೊಳ್ಳುವ ಜಡೆ, ಅದರಾಚೆ ಮರಳಿನ ದಿಬ್ಬ, ಎಲ್ಲ ಎರಡೇ ದಿನದಲ್ಲಿ ಬಂದವು. ಚರ್ಮದ ಚೂರು ಕತ್ತರಿಸಿ, ಗೂಡಿನ ಕಡೆಯ ಮುಖಕ್ಕೆ ಒಂದು ಹರಿದ ಚಪ್ಪಲಿಯನ್ನೂ ಸಿಕ್ಕಿಸಿದೆ. ಜೊಂಡನ್ನು ಮುಟ್ಟಲಿಲ್ಲ. ಅದು ಸರಿಯಾಗಿಯೇ ಇತ್ತು.

ಈ ಸಲ ಅವರ ಬೆರಳನ್ನು ಗೂಡಿನ ಹತ್ತಿರ ಇಟ್ಟೆ. ಅಭ್ಯಾಸವಿಲ್ಲದ ಬೆರಳು, ಅಲ್ಲಲ್ಲಿ ತಡವರಿಸಿತು. ಒಂದು ಸಲ ಹಿಂದಕ್ಕೇ ತಿರುಗಿಬಿಟ್ಟಿತು, ನಾನು ಹಿಡಿದು ಸರಿಮಾಡಿದೆ. ಚಪ್ಪಲಿ ಸಿಕ್ಕಾಗ ಇದೇನು ಎಂದು ಕೇಳಿ ನಕ್ಕರು. ಕಂಬದ ಎಡಕ್ಕೆ ಹೋಗಬೇಕೋ ಬಲಕ್ಕೋ, ದಿಬ್ಬ ಎಷ್ಟು ದೂರ, ಅದು ಕಳೆದ ಮೇಲೆ ಏನು ಸಿಗುತ್ತದೆ ಎಂದು ಒಂದೊಂದನ್ನೂ ಕೇಳಿದರು. ಗೇಟಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಾಡಿಗಳ ವೇಳೆ ಬಾಯಿಪಾಠ ಮಾಡಿದ್ದರಂತೆ, ಹಾಗೆ ಕೇಳಿ ಕೇಳಿ ಹೇಳಿಕೊಂಡರು. ಇಷ್ಟೊಂದು ಯಾಕೆ, ನೀವೇನು ಅಲ್ಲಿ ಹರಿಗೋಲು ಹಾಕಬೇಕಾ ಅಂದೆ.

"ನನ್ನ ಬೂದಿ ಬಿಡೋಳು ನೀನು. ನಿನ್ನ ಕಣ್ಣಿಗೆ ಅದು ಈ ಕಡೆಗೇ ಹೋಗ್ತೈತೆ. ದಾರಿ ಗೊತ್ತಿರಬೇಕಲ್ವೇನೇ."

ಅವರ ಬೆರಳು ಗಿರಣಿಯ ಗೋಡೆ ದಾಟಿ, ಹಲಗೆಯ ತುದಿಗೆ ಬಂದು, ಗಾಳಿಯಲ್ಲಿ ನಿಂತಿತು.

"ಹಲಗೆ ಮುಗೀತು. ಆಮೇಲೆ?"

"ಆಮೇಲಿಂದು ನಂಗೂ ಗೊತ್ತಿಲ್ಲ. ಗಿರಣಿ ಹತ್ರಾನೇ ನಿಂತ್ಕೊಂಡಿರ್ರಿ, ಬರ್ತೀನಿ."

ಅವರು ಹೂಂ ಎಂದು ತಲೆಯಾಡಿಸಿ, ಬೆರಳನ್ನು ಮತ್ತೆ ಗೂಡಿನ ಹತ್ತಿರ ಇಟ್ಟು, ಮೊದಲಿನಿಂದ ಶುರುಮಾಡಿದರು.